ಕೂಸಿನ ಗಾಡಿ: ತಂದೆತಾಯಿಗಳ ಬೇಕು-ಬೇಡಗಳ ವಿವೇಚನೆ

1. ಪ್ರಾಸ್ತಾವಿಕ

ಮನೆಬಳಕೆಯ ವಸ್ತುಗಳಲ್ಲಿ ಕೆಲವು ನೋಡಲು ಅಲ್ಪವಾಗಿದ್ದರೂ, ಜನರು ಅವುಗಳನ್ನು ಏಕೆ ಮೆಚ್ಚುತ್ತಾರೆ, ಏಕೆ ಒಲ್ಲೆನೆನ್ನುತ್ತಾರೆ ಎಂಬುದನ್ನು ವಿಚಾರಿಸಹೊರಟರೆ ಊರಿನ ರಚನೆ, ಮನೆಯ ಕಟ್ಟಡ, ಕುಟುಂಬದೊಳಗಿನ ದುಡಿಮೆಯ ಹಂಚಿಕೆ ಮುಂತಾದ ದೊಡ್ಡ ಸಂಗತಿಗಳು ಒಂದೊಂದಾಗಿ ಬೆಳಕಿಗೆ ಬರುತ್ತವೆ. ಕೂಸನ್ನು ಮಲಗಿಸಿಯೋ ಕೂಡಿಸಿಯೋ ತಳ್ಳಿಕೊಂಡು ಹೋಗುವ ಗಾಡಿ ಅಂಥದೊಂದು ವಸ್ತು.

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಈ ಗಾಡಿ ಅಪರಿಚಿತವೇನಲ್ಲ. ಅಂಗಡಿಗಳಲ್ಲಿ ಅದು ದೊರೆಯುತ್ತದೆ. ತೊಟ್ಟಿಲ ಕಾರ್ಯದಲ್ಲಿ ಉಡುಗೊರೆಯಾಗಿ ಬರುತ್ತದೆ. ದೂರದೇಶದಲ್ಲಿ ನೆಲೆಸಿದ ಮಗನೋ ಮಗಳೋ ಊರಿಗೆ ಬರುವಾಗ ಜೊತೆಯಲ್ಲಿ ತರುತ್ತಾರೆ. ಆದರೆ ದುರ್ಗದ ಬೈಲಿನಲ್ಲಾಗಲಿ, ಧಾರವಾಡದ ಸುಭಾಷ್ ರಸ್ತೆಯಲ್ಲಾಗಲಿ ಸಂತೆಯ ಹೊತ್ತಿನಲ್ಲಿ ನಿಂತು ನೋಡಿದರೆ ಕಾಣುವುದು ತಾಯಿಯ ಬಗಲಿನಲ್ಲಿರುವ ಕೂಸು, ತಂದೆಯ ಹೆಗಲಿನಲ್ಲಿರುವ ಕೂಸು, ಸ್ಕೂಟರಿನ ಮೇಲೆ ಇಬ್ಬರ ನಡುವೆ ಕುಳಿತಿರುವ ಕೂಸು. ಗಾಡಿಯಲ್ಲಿರುವ ಕೂಸು ಅಪರೂಪ. ಗಾಡಿ ಮನೆಯಲ್ಲಿದೆ, ಬೀದಿಯಲ್ಲಿಲ್ಲ; ಈ ಅಂತರವೇ ಪ್ರಸ್ತುತ ಲೇಖನದ ವಿಷಯ.

ಇದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಉತ್ತರ ಒಂದುಂಟು. ನಮ್ಮ ಜನ ಸಂಪ್ರದಾಯಪ್ರಿಯರು, ಕೂಸನ್ನು ಮೈಗೆ ಹತ್ತಿಕೊಂಡೇ ಬೆಳೆಸುವವರು, ಗಾಡಿ ಪಾಶ್ಚಾತ್ಯರ ರೂಢಿ, ಆದುದರಿಂದ ಅದು ನಮಗೆ ಒಗ್ಗಲಿಲ್ಲ ಎಂಬುದೇ ಆ ಉತ್ತರ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ, ಆದರೆ ಇದು ಅರ್ಧಸತ್ಯ. ತಂದೆತಾಯಿಗಳು 'ಬೇಡ' ಎನ್ನುವಾಗ ಅವರು ನಿಜವಾಗಿ ಯಾವುದನ್ನು ಬೇಡವೆನ್ನುತ್ತಿದ್ದಾರೆ, ಗಾಡಿಯನ್ನೋ, ಗಾಡಿ ಓಡಬೇಕಾದ ದಾರಿಯನ್ನೋ? ಇವೆರಡನ್ನು ಬೇರ್ಪಡಿಸದೆ ಅಭಿರುಚಿಯನ್ನು ಕುರಿತು ತೀರ್ಮಾನ ಕೊಡುವುದು ಸಲ್ಲದೆಂಬುದನ್ನು ಮುಂದೆ ತೋರಿಸಲು ಯತ್ನಿಸಿದ್ದೇವೆ. ಇದು ಎಣಿಕೆಯ ವರದಿಯಲ್ಲ. ಎಣಿಕೆಗೆ ಹೊರಡುವ ವಿದ್ಯಾರ್ಥಿ ಮೊದಲು ಏನನ್ನು ಕೇಳಬೇಕೆಂಬುದರ ವಿವರಣೆ ಮಾತ್ರ.

2. ಹೆಸರು, ಬಗೆ ಮತ್ತು ಹಿನ್ನೆಲೆ

ಈ ವಸ್ತುವಿಗೆ ಕನ್ನಡದಲ್ಲಿ ಇನ್ನೂ ನೆಲೆನಿಂತ ಹೆಸರಿಲ್ಲ. 'ಪ್ರಾಮ್', 'ಸ್ಟ್ರಾಲರ್', 'ಬೇಬಿ ಗಾಡಿ' ಎಂದು ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆಯಾಗಿ ಕರೆಯುತ್ತಾರೆ; 'ಕೂಸಿನ ಗಾಡಿ' ಎಂದರೆ ಎಲ್ಲರಿಗೂ ತಿಳಿಯುತ್ತದೆ. ವಿವೇಚನೆಯ ಅನುಕೂಲಕ್ಕಾಗಿ ಎರಡು ಬಗೆಗಳನ್ನು ಗುರುತಿಸಿಕೊಳ್ಳಬೇಕು. ಎಳೆಗೂಸನ್ನು ಅಂಗಾತ ಮಲಗಿಸುವ, ತೊಟ್ಟಿಯಂಥ ಒಡಲುಳ್ಳ, ದೊಡ್ಡ ಗಾಲಿಯ ಗಾಡಿ ಒಂದು, ಇದು ಪ್ರಾಮ್. ಕೂಡಬಲ್ಲ ಮಗುವಿಗಾಗಿ ಕುರ್ಚಿಯ ಆಕಾರದಲ್ಲಿ ಮಾಡಿದ, ಹಗುರವಾದ, ಮಡಚಬಲ್ಲ ಗಾಡಿ ಇನ್ನೊಂದು, ಇದು ಪುಷ್‌ಚೇರ್. ಇವೆರಡರ ಗುಣದೋಷಗಳು ಬೇರೆ. ಆದುದರಿಂದ ಇವನ್ನು ಕುರಿತ ಬೇಕು-ಬೇಡಗಳೂ ಬೇರೆ.

ಈ ಗಾಡಿಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟನು ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ರಚಿಸಿಕೊಟ್ಟ ಗಾಡಿಯನ್ನು ಇದರ ಮೂಲವೆಂದು ಹೇಳುವ ವಾಡಿಕೆಯಿದೆ. ಅದು ಮನುಷ್ಯರು ತಳ್ಳುವ ಗಾಡಿಯಲ್ಲ. ಆಡಿನಂಥ ಸಣ್ಣ ಪ್ರಾಣಿ ಎಳೆಯುವ ಆಟದ ರಥ. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಹಿಂದಿನಿಂದ ತಳ್ಳುವ ಹಿಡಿಕೆ ಬಂದಿತು. 1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವಿಲಿಯಂ ರಿಚರ್ಡ್‌ಸನ್ ಎಂಬಾತನು ಕೂಸಿನ ಮುಖವನ್ನು ಬೇಕೆಂದಾಗ ತಾಯಿಯ ಕಡೆಗೆ, ಬೇಕೆಂದಾಗ ಮುಂದಕ್ಕೆ ತಿರುಗಿಸಬಹುದಾದ ಗಾಡಿಗೆ ಪೇಟೆಂಟ್ ಪಡೆದನು. ಆ ಕಾಲದ ಪ್ರಾಮ್ ಸಿರಿವಂತರ ವಸ್ತು. ಅದನ್ನು ತಳ್ಳಲು ದಾದಿಯಿದ್ದಳು, ನಿಲ್ಲಿಸಲು ವಿಶಾಲವಾದ ಹೊರಕೋಣೆಯಿತ್ತು. ವಸಾಹತು ಕಾಲದ ಭಾರತದ ದಂಡುಪ್ರದೇಶಗಳಲ್ಲಿ ಆ ಹಿಡಿಕೆ ಆಯಾಳ ಕೈಗೆ ಬಂದಿತು.

ನಿಜವಾದ ಪರಿವರ್ತನೆ ಆದುದು 1965ರಲ್ಲಿ. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರವ್ಯವಸ್ಥೆಯನ್ನು ರೂಪಿಸುವುದರಲ್ಲಿ ದುಡಿದಿದ್ದ ಓವೆನ್ ಮೆಕ್ಲಾರೆನ್ ಎಂಬ ಇಂಜಿನಿಯರನು, ತನ್ನ ಮಗಳು ಮೊಮ್ಮಗುವಿನ ಭಾರವಾದ ಗಾಡಿಯೊಡನೆ ಪಡುತ್ತಿದ್ದ ಪಾಡನ್ನು ಕಂಡು, ಅಲ್ಯುಮಿನಿಯಂ ಕೊಳವೆಗಳಿಂದ ಕೊಡೆಯಂತೆ ಮಡಚಿಕೊಳ್ಳುವ ಗಾಡಿಯನ್ನು ರಚಿಸಿದನು. ಅದರ ತೂಕ ಸುಮಾರು ಮೂರು ಕಿಲೋಗ್ರಾಂ ಮಾತ್ರ. ಇಂದು ನಮ್ಮ ಅಂಗಡಿಗಳಲ್ಲಿ ಕಾಣುವ ಮಡಚುವ ಗಾಡಿಗಳು ಅದರ ಸಂತತಿ. ಇಲ್ಲಿ ಗಮನಿಸಬೇಕಾದ ಸಂಗತಿ ಇಷ್ಟೆ. ಗಾಡಿ ಬದಲಾದುದು ಕೂಸಿನ ಅನುಕೂಲಕ್ಕಿಂತ ಹೆಚ್ಚಾಗಿ ಅದನ್ನು ಎತ್ತಿ ಇಳಿಸುವವಳ ಕಷ್ಟದ ಸಲುವಾಗಿ. ಬೇಡವೆಂಬುದಕ್ಕೆ ಕಿವಿಗೊಟ್ಟಾಗ ವಸ್ತುವೇ ಬದಲಾಗಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

3. ಗಾಡಿಗಿಂತ ಮುಂಚಿನ ವ್ಯವಸ್ಥೆ

ಗಾಡಿ ನಮ್ಮಲ್ಲಿಗೆ ಬಂದಾಗ ಅದರ ಜಾಗ ಬರಿದಾಗಿರಲಿಲ್ಲ. ಅಲ್ಲಿ ಮೊದಲೇ ಮೂರು ಸಾಧನಗಳಿದ್ದವು. ತೊಟ್ಟಿಲು, ಜೋಳಿಗೆ ಮತ್ತು ಬಗಲು.

ತೊಟ್ಟಿಲೆಂದರೆ ಧಾರವಾಡ ಜಿಲ್ಲೆಯಲ್ಲಿ ಮೊದಲು ನೆನಪಿಗೆ ಬರುವುದು ಕಲಘಟಗಿಯ ಬಣ್ಣದ ತೊಟ್ಟಿಲು. ಮರದ ಹಲಗೆಗಳ ಮೇಲೆ ರಾಮಾಯಣದ, ಕೃಷ್ಣನ ಬಾಲಲೀಲೆಗಳ ಚಿತ್ರಗಳನ್ನು ಬರೆದು ಮಾಡುವ ಈ ತೊಟ್ಟಿಲು ಒಂದು ಕೂಸಿಗಾಗಿ ಕೊಳ್ಳುವ ವಸ್ತುವಲ್ಲ; ತಲೆಮಾರುಗಳಿಗಾಗಿ ಮಾಡಿಸುವ ಆಸ್ತಿ. ಅಜ್ಜ ಮಲಗಿದ ತೊಟ್ಟಿಲಲ್ಲಿ ಮೊಮ್ಮಗ ಮಲಗುತ್ತಾನೆ; ಬಳಗದ ಒಂದು ಮನೆಯಿಂದ ಇನ್ನೊಂದು ಮನೆಗೆ ಅದು ಹೋಗಿ ಬರುತ್ತದೆ. ಜೋಳಿಗೆಯಾದರೋ ಹಳೆಯ ಸೀರೆಯೊಂದರಿಂದ ಆಗುವಂಥದು. ಮನೆಯ ತೊಲೆಗೆ, ಹೊಲದ ಬೇವಿನ ಟೊಂಗೆಗೆ, ಕಟ್ಟಡ ಕೆಲಸ ನಡೆಯುವಲ್ಲಿ ಯಾವುದಾದರೂ ಕಂಬಕ್ಕೆ ಕಟ್ಟಿದರೆ ಆಯಿತು. ಕೂಲಿಯ ತಾಯಿಗೆ ಇಂದಿಗೂ ಅದೇ ಆಸರೆ. ಅವಳ ಮಟ್ಟಿಗೆ ಗಾಡಿ ಬೇಕೇ ಬೇಡವೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಆಯ್ಕೆಯಿದ್ದವರ ಅಭಿರುಚಿಯನ್ನಷ್ಟೇ ಅಳೆದು ಅದನ್ನು ಊರಿನ ಅಭಿರುಚಿಯೆಂದು ಕರೆಯಕೂಡದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಮೂರನೆಯದು ಬಗಲು. ಬಗಲಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಳೆಂಬ ಗಾದೆ ಎಲ್ಲರೂ ಬಲ್ಲುದು. ಕೂಸು ಬಗಲಲ್ಲಿರುವುದು ಎಷ್ಟು ಸಹಜವೆಂದರೆ ಹೊತ್ತವಳಿಗೇ ಅದರ ಅರಿವು ಇರುವುದಿಲ್ಲವೆಂಬ ಭಾವನೆ ಆ ಗಾದೆಯ ಬುಡದಲ್ಲಿದೆ. ಆದರೆ ಭಾರ ಭಾರವೇ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡದ ಪ್ರಕಾರ ಒಂದು ವರ್ಷದ ಗಂಡುಮಗುವಿನ ಮಧ್ಯಮ ತೂಕ 9.6 ಕಿಲೋಗ್ರಾಂ, ಹೆಣ್ಣುಮಗುವಿನದು 8.9, ಎರಡು ವರ್ಷಕ್ಕೆ ಕ್ರಮವಾಗಿ 12.2 ಮತ್ತು 11.5. ಸಂತೆಯ ಚೀಲವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಬಗಲಲ್ಲಿ ಇಷ್ಟು ತೂಕವನ್ನು ಹೊತ್ತು ನಡೆಯುವುದು ಸಹಜವೆಂದು ನಾವು ಕರೆದ ಮಾತ್ರಕ್ಕೆ ಹಗುರವಾಗದು.

ಇವಲ್ಲದೆ ಹೆಜ್ಜೆಯಿಡಲು ಕಲಿಯುವ ಮಗು ನಿಂತು ತಳ್ಳುವ ಮೂರು ಗಾಲಿಯ ಮರದ ಗಾಡಿಯೂ ನಮ್ಮ ಮನೆಗಳಲ್ಲಿದೆ. ಆದುದರಿಂದ ಕೂಸಿಗೂ ಗಾಲಿಗೂ ಇರುವ ನಂಟು ನಮಗೆ ಹೊಸತಲ್ಲ. ನಮ್ಮಲ್ಲಿ ಮಗು ಗಾಡಿಯನ್ನು ತಳ್ಳುತ್ತಿತ್ತು. ಮಗುವನ್ನು ಕೂಡಿಸಿ ದೊಡ್ಡವರು ತಳ್ಳುವುದಷ್ಟೇ ಹೊಸತು.

4. ಮೆಚ್ಚುವವರ ಕಾರಣಗಳು

ಗಾಡಿಯನ್ನು ಮೆಚ್ಚುವ ತಂದೆತಾಯಿಗಳ ಮಾತುಗಳನ್ನು ಒಟ್ಟುಗೂಡಿಸಿ ನೋಡಿದರೆ ಮೂರು ಕಾರಣಗಳು ಮುಖ್ಯವಾಗಿ ತೋರುತ್ತವೆ.

ಮೊದಲನೆಯದು ಕೈಬಿಡುವು. ಕೂಸನ್ನು ಗಾಡಿಯಲ್ಲಿ ಕೂಡಿಸಿ ಪಟ್ಟಿ ಕಟ್ಟಿದರೆ ತಾಯಿ ಅಡಿಗೆಮನೆಯ ಬಾಗಿಲಲ್ಲಿ ಅದನ್ನು ನಿಲ್ಲಿಸಿಕೊಂಡು ರೊಟ್ಟಿ ಬಡಿಯಬಹುದು. ಮಗುವಿನ ಬಾಯಿಗೆ ತುತ್ತಿಡಬಹುದು. ಅವಳಿ ನಗರದ ಅನೇಕ ಮನೆಗಳಲ್ಲಿ ಗಾಡಿ ವಾಹನವಾಗಿ ಅಲ್ಲ, ಗಾಲಿಯುಳ್ಳ ಕುರ್ಚಿಯಾಗಿ ಬಳಕೆಯಾಗುತ್ತಿದೆ. ತಯಾರಿಸಿದವರ ಉದ್ದೇಶ ಇದಲ್ಲದಿದ್ದರೂ ಬಳಸುವವರ ಜಾಣ್ಮೆ ಇದೆಯೆಂದು ಒಪ್ಪಬೇಕು.

ಎರಡನೆಯದು ಮುಪ್ಪಿನವರ ಅನುಕೂಲ. ಸೊಂಟ ಹಿಡಿದ ಅಜ್ಜಿ, ಮೊಣಕಾಲು ನೋವಿನ ಅಜ್ಜ ಹತ್ತು ಕಿಲೋಗ್ರಾಂ ತೂಕದ ಮೊಮ್ಮಗುವನ್ನು ಎತ್ತಲಾರರು, ಗಾಡಿಯನ್ನು ತಳ್ಳಬಲ್ಲರು. ತಂದೆತಾಯಿಗಳಿಬ್ಬರೂ ನೌಕರಿಗೆ ಹೋಗುವ ಮನೆಗಳಲ್ಲಿ ಇದರ ಬೆಲೆ ದೊಡ್ಡದು.

ಮೂರನೆಯದು ಅಷ್ಟಾಗಿ ಮಾತಿಗೆ ಬಾರದ, ಆದರೆ ಮಹತ್ವದ ಕಾರಣ. ನಮ್ಮಲ್ಲಿ ಬಗಲು ಹೆಂಗಸರದು, ಹೆಗಲು ಗಂಡಸರದು. ಶಿವರಾತ್ರಿಯ ಹೊತ್ತಿನ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ತೇರನ್ನು ತೋರಿಸಲು ಮಗುವನ್ನು ಹೆಗಲೇರಿಸುವ ತಂದೆ, ದಿನನಿತ್ಯದ ಓಡಾಟದಲ್ಲಿ ಅದನ್ನು ಬಗಲಲ್ಲಿ ಹೊತ್ತು ತಿರುಗಲು ಸಂಕೋಚಪಡುತ್ತಾನೆ. ಹಿಡಿಕೆಯುಳ್ಳ ಗಾಡಿಯನ್ನು ತಳ್ಳಲು ಅವನಿಗೆ ಆ ಸಂಕೋಚವಿಲ್ಲ. ಹೀಗೆ ಕೂಸನ್ನು ಹೊರುವ ಕೆಲಸ ಒಬ್ಬಳ ಮೈಯಿಂದ ಬಿಡುಗಡೆಯಾಗಿ ಮನೆಯವರೆಲ್ಲರ ಕೈಗೆ ಹಂಚಿಹೋಗುತ್ತದೆ. ಉಣಕಲ್ ಕೆರೆಯ ಬದಿಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಜೆ ಹೊತ್ತು ಗಾಡಿ ತಳ್ಳುವವರಲ್ಲಿ ಗಂಡಸರೂ ಇರುವುದನ್ನು ಈ ದೃಷ್ಟಿಯಿಂದ ನೋಡಬೇಕು.

5. ಒಲ್ಲದವರ ಕಾರಣಗಳು

(ಅ) ದಾರಿ. ಒಲ್ಲದವರ ಮೊದಲ ಆಕ್ಷೇಪ ದಾರಿಯ ಮೇಲಿನದು. ಧಾರವಾಡದವರು ತಮ್ಮ ಊರಿನ ಏರಿಳಿತವನ್ನು ಇದಕ್ಕೆ ಕಾರಣವಾಗಿ ಹೇಳುವುದುಂಟು. ಆದರೆ ಸರಳವಾದ ಲೆಕ್ಕವೊಂದು ಬೇರೆಯದನ್ನು ತೋರಿಸುತ್ತದೆ. ಮಗು 10 ಕಿಲೋಗ್ರಾಂ, ಗಾಡಿ 8 ಕಿಲೋಗ್ರಾಂ, ಒಟ್ಟು 18 ಎಂದಿಟ್ಟುಕೊಳ್ಳೋಣ. 12 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ ಇದನ್ನು ತಳ್ಳಲು ಏರಿನ ಸಲುವಾಗಿ ಬೇಕಾಗುವ ಹೆಚ್ಚಿನ ಬಲ ಒಟ್ಟು ಭಾರದ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದೂವರೆ ಕಿಲೋಗ್ರಾಂ ತೂಕವನ್ನು ಎತ್ತುವಷ್ಟು ಮಾತ್ರ. ಇಳಿಜಾರಿನಲ್ಲಿ ಬಿಗಿಹಿಡಿತವೂ ಬ್ರೇಕೂ ಬೇಕೆಂಬುದು ನಿಜ. ಆದರೆ ಏರು ಗಾಡಿಯ ವೈರಿಯಲ್ಲ.

ವೈರಿ ಯಾವುದೆಂದರೆ ಮೆಟ್ಟಿಲು. ಗಾಲಿಯೊಂದು ಎದುರಾದ ಅಡ್ಡಿಯನ್ನು ಹತ್ತಬೇಕಾದರೆ ಬೇಕಾಗುವ ಬಲ ಅಡ್ಡಿಯ ಎತ್ತರಕ್ಕೂ ಗಾಲಿಯ ತ್ರಿಜ್ಯಕ್ಕೂ ಇರುವ ಪ್ರಮಾಣವನ್ನು ಅವಲಂಬಿಸಿದೆ. ಮಡಚುವ ಗಾಡಿಯ ಸಣ್ಣ ಗಾಲಿಯ ತ್ರಿಜ್ಯ 7.5 ಸೆಂಟಿಮೀಟರ್ ಎಂದೂ, ಎದ್ದಿರುವ ಚಪ್ಪಡಿಯ ಅಂಚು 2.5 ಸೆಂಟಿಮೀಟರ್ ಎಂದೂ ಇಟ್ಟುಕೊಂಡರೆ, ಅಚ್ಚಿನ ಮಟ್ಟದಲ್ಲಿ ನೇರವಾಗಿ ತಳ್ಳಿ ಅದನ್ನು ದಾಟಿಸಲು ಆ ಗಾಲಿಯ ಮೇಲಿರುವ ಭಾರದ ಸುಮಾರು 1.1 ಪಟ್ಟು ಬಲ ಬೇಕು. ಅಂದರೆ ತಳ್ಳುವುದಕ್ಕಿಂತ ಎತ್ತುವುದೇ ಲೇಸು. ಪ್ರಾಮಿನ 15 ಸೆಂಟಿಮೀಟರ್ ತ್ರಿಜ್ಯದ ಗಾಲಿಗಾದರೆ ಮೂರರಲ್ಲಿ ಎರಡು ಪಾಲು ಸಾಕು. ಅಡ್ಡಿಯ ಎತ್ತರ ತ್ರಿಜ್ಯಕ್ಕೆ ಸಮವಾದಲ್ಲಿ ಎಷ್ಟು ತಳ್ಳಿದರೂ ಗಾಲಿ ಹತ್ತದು. ಹೀಗಾಗಿ ತಂದೆತಾಯಿಗಳು ಇಕ್ಕಟ್ಟಿಗೆ ಸಿಲುಕುತ್ತಾರೆ. ದೊಡ್ಡ ಗಾಲಿಯ ಗಾಡಿ ಬೀದಿಯಲ್ಲಿ ಓಡುತ್ತದೆ, ಮನೆಯಲ್ಲಿ ಹಿಡಿಸದು. ಸಣ್ಣ ಗಾಲಿಯದು ಮನೆಯಲ್ಲಿ ಹಿಡಿಸುತ್ತದೆ, ಬೀದಿಯಲ್ಲಿ ಓಡದು.

ಭಾರತೀಯ ರಸ್ತೆ ಕಾಂಗ್ರೆಸ್ಸು ಪಾದಚಾರಿಗಳ ಸೌಕರ್ಯವನ್ನು ಕುರಿತು 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು, ವಸತಿ ಪ್ರದೇಶಗಳಲ್ಲಿ ಕಾಲುದಾರಿಯ ನಡೆಯುವ ಅಗಲ ಕನಿಷ್ಠ 1.8 ಮೀಟರ್ ಇರಬೇಕೆಂದೂ, ಅಂಚುಗಲ್ಲಿನ ಎತ್ತರ 15 ಸೆಂಟಿಮೀಟರನ್ನು ಮೀರಬಾರದೆಂದೂ ಹೇಳಿತು. ಈ ಮಿತಿಯಲ್ಲಿಯೇ ಅಂಚುಗಲ್ಲು ದೊಡ್ಡ ಗಾಲಿಯ ತ್ರಿಜ್ಯಕ್ಕೆ ಸಮವಾಗುವುದೆಂಬುದನ್ನು ಗಮನಿಸಬೇಕು. ಆದುದರಿಂದ ದಾಟುವೆಡೆಗಳಲ್ಲಿ ಅಂಚು ಇಳಿಜಾರಾಗಿಲ್ಲದಿದ್ದರೆ ಉಳಿದುದೆಲ್ಲ ನಿಯಮದಂತಿದ್ದರೂ ಗಾಡಿಯನ್ನು ಎತ್ತಲೇಬೇಕು. ಅದರ ಮೇಲೆ ನಿಲ್ಲಿಸಿದ ದ್ವಿಚಕ್ರ ವಾಹನ, ಅಂಗಡಿಯ ಮೆಟ್ಟಿಲು, ಸರಿದಿರುವ ಗಟಾರದ ಚಪ್ಪಡಿ, ಮಳೆಗಾಲದ ರಾಡಿ ಇವೆಲ್ಲ ಸೇರಿದಾಗ ತಾಯಿ ಗಾಡಿಯನ್ನು ವಾಹನಗಳ ನಡುವೆ ರಸ್ತೆಗೇ ಇಳಿಸಬೇಕಾಗುತ್ತದೆ. "ಕೂಸಿನ್ನ ಹೊರಾಕ ಬಗಲ ಐತಿ, ಗಾಡಿ ಹೊರಾಕ ಯಾರದಾರ?" ಎಂಬಂಥ ಮಾತು ಈ ಊರುಗಳಲ್ಲಿ ಹುಟ್ಟುವುದು ಹೀಗೆ. ಮೇಲಿನ ಲೆಕ್ಕವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ.

(ಆ) ಮನೆ ಮತ್ತು ಸಂಚಾರ. ಹಳೆಯ ಮನೆಗಳಿಗೆ ಕಟ್ಟೆಯೂ ಎತ್ತರದ ಹೊಸ್ತಿಲೂ ಉಂಟು. ಹೊಸ ವಸತಿಸಂಕೀರ್ಣಗಳಲ್ಲಿ ಲಿಫ್ಟ್ ಇಲ್ಲದ ಮೂರನೆಯ ಮಹಡಿಯುಂಟು. ಸಂಚಾರದಲ್ಲಿ ಆಟೋರಿಕ್ಷಾ ಮತ್ತು ದ್ವಿಚಕ್ರ ವಾಹನಗಳದೇ ಮೇಲುಗೈ. ಗಾಡಿಯನ್ನು ಸ್ಕೂಟರಿನ ಮೇಲೆ ಒಯ್ಯಲಾಗದು. ದ್ವಿಚಕ್ರದ ಮೇಲೆ 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳನ್ನು ಒಯ್ಯುವಾಗ ಸುರಕ್ಷಾಪಟ್ಟಿ ಮತ್ತು ಶಿರಸ್ತ್ರಾಣ ಕಡ್ಡಾಯವೆಂದು, ವೇಗ ಗಂಟೆಗೆ 40 ಕಿಲೋಮೀಟರನ್ನು ಮೀರಬಾರದೆಂದು ಕೇಂದ್ರ ಸರಕಾರ 2022ರ ಫೆಬ್ರುವರಿಯಲ್ಲಿ ನಿಯಮ ಹೊರಡಿಸಿತು. ಕೂಸಿನ ಸಂಚಾರವೆಂದರೆ ನಮ್ಮಲ್ಲಿ ದ್ವಿಚಕ್ರದ ಸಂಚಾರವೇ ಎಂಬುದನ್ನು ಈ ನಿಯಮವೂ ಸೂಚಿಸುತ್ತದೆ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಇಲ್ಲಿಯೇ ಉಂಟು. ಅವಳಿ ನಗರಗಳ ನಡುವಿನ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ 2018ರ ಅಕ್ಟೋಬರಿನಿಂದ ಓಡತೊಡಗಿದ 'ಚಿಗರಿ' ಬಸ್ಸುಗಳ ವ್ಯವಸ್ಥೆಯಲ್ಲಿ ನಿಲ್ದಾಣದ ನೆಲವನ್ನೂ ಬಸ್ಸಿನ ನೆಲವನ್ನೂ ಒಂದೇ ಮಟ್ಟದಲ್ಲಿ ರಚಿಸಲಾಯಿತು. ಗಾಲಿಯುಳ್ಳ ಯಾವ ವಸ್ತುವಾದರೂ ಎತ್ತದೆಯೇ ಒಳಹೋಗಬಹುದು. ಆದರೆ ಮನೆಯ ಬಾಗಿಲಿನಿಂದ ಆ ನಿಲ್ದಾಣದವರೆಗಿನ ದಾರಿ ಹಾಗಿಲ್ಲದಿದ್ದರೆ ಆ ಸಮಮಟ್ಟದ ಫಲ ತಾಯಿಗೆ ದೊರೆಯದು. ಸಂಚಾರದ ಸೌಕರ್ಯ ಸರಪಳಿಯಂಥದು. ಒಂದು ಕೊಂಡಿ ಕಳಚಿದರೂ ಉಳಿದವು ವ್ಯರ್ಥ.

(ಇ) ಧೂಳು ಮತ್ತು ಬಿಸಿಲು. ಗಾಡಿಯಲ್ಲಿರುವ ಕೂಸಿನ ಮುಖ ನೆಲಕ್ಕೆ ಹತ್ತಿರ. ಇಂಗ್ಲೆಂಡಿನ ಸರ‍್ರೆ ವಿಶ್ವವಿದ್ಯಾಲಯದ ಆಶಿಷ್ ಶರ್ಮಾ ಮತ್ತು ಪ್ರಶಾಂತ್ ಕುಮಾರ್ ಅವರು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಗಾಡಿಯಲ್ಲಿ ಕೂಸು ಉಸಿರಾಡುವ ಎತ್ತರ ನೆಲದಿಂದ 0.55ರಿಂದ 0.85 ಮೀಟರ್ ಎಂದೂ, ವಾಹನಗಳ ಹೊಗೆ ಹೊರಬೀಳುವುದೂ ಸುಮಾರಾಗಿ ಆ ಮಟ್ಟದಲ್ಲಿಯೇ ಎಂದೂ, ಇದರಿಂದ ದೊಡ್ಡವರಿಗಿಂತ ಶೇಕಡಾ 60ರಷ್ಟು ಹೆಚ್ಚಿನ ಮಾಲಿನ್ಯಕ್ಕೆ ಕೂಸು ಗುರಿಯಾಗಬಹುದೆಂದೂ ತಿಳಿಸಿದರು. ಹುಬ್ಬಳ್ಳಿಯ ಧೂಳನ್ನು ಕಂಡ ತಾಯಿ ಕೂಸನ್ನು ಮೇಲಕ್ಕೆತ್ತಿಕೊಂಡು ಸೆರಗು ಮುಚ್ಚುವುದು ಬರಿಯ ರೂಢಿಯಲ್ಲ.

ಬಿಸಿಲಿನ ವಿಷಯ ಇನ್ನೂ ಸೂಕ್ಷ್ಮ. ನೆರಳಿಗೆಂದು ಗಾಡಿಯ ಮೇಲೆ ಬಟ್ಟೆ ಹೊದಿಸುವುದು ಎಲ್ಲೆಡೆ ಕಾಣುವ ವಾಡಿಕೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತೋರಿಸಿದಂತೆ, ತೆಳುವಾದ ಒಣಬಟ್ಟೆಯನ್ನು ಹೊದಿಸಿದರೂ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದೇ ಬಟ್ಟೆಯನ್ನು ಒದ್ದೆಮಾಡಿ ಹೊದಿಸಿದರೆ ಅಷ್ಟೇ ಇಳಿಯುತ್ತದೆ. ಕಾರಣ ಸ್ಪಷ್ಟ. ಒಣಬಟ್ಟೆ ಗಾಳಿಯಾಟವನ್ನು ತಡೆಯುತ್ತದೆ. ಒದ್ದೆಬಟ್ಟೆಯ ನೀರು ಆರುವಾಗ ಶಾಖವನ್ನು ಹೀರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಗಾಡಿ ಬಳಸುವವರು ಇದನ್ನು ನೆನಪಿಡುವುದು ಅಗತ್ಯ.

(ಈ) ಕೂಸು. ಮೇಲಿನವೆಲ್ಲ ಗಾಡಿಯ ಹೊರಗಿನ ಕಾರಣಗಳು. ಕೂಸಿನ ಸಲುವಾಗಿಯೇ ಗಾಡಿಯನ್ನು ಒಲ್ಲದವರೂ ಇದ್ದಾರೆ. ಬಾಣಂತನದ ತಿಂಗಳುಗಳನ್ನು ತಾಯಿ-ಕೂಸು ತವರಿನಲ್ಲಿ, ಎಣ್ಣೆನೀರು ಮತ್ತು ಲೋಬಾನದ ಹೊಗೆಯ ನಡುವೆ, ಮನೆಯೊಳಗೇ ಕಳೆಯುವುದು ವಾಡಿಕೆ. ಮಲಗುವ ಪ್ರಾಮಿನ ಕಾಲ ಅಷ್ಟರಲ್ಲಿಯೇ ಬಹುಮಟ್ಟಿಗೆ ಮುಗಿದಿರುತ್ತದೆ. ನಮ್ಮಲ್ಲಿ ಪುಷ್‌ಚೇರ್ ಬಂದಷ್ಟು ಪ್ರಾಮ್ ಬಾರದಿರಲು ಇದೊಂದು ಕಾರಣ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬ ಭಾವನೆಯೂ, ತೆರೆದ ಗಾಡಿಯಲ್ಲಿ ಕೂಸು ಎಲ್ಲರ ಕಣ್ಣಿಗೆ ಬಿದ್ದು ದೃಷ್ಟಿಯಾದೀತೆಂಬ ಅಂಜಿಕೆಯೂ ಇದರೊಡನೆ ಸೇರಿವೆ.

ಇವುಗಳಿಗಿಂತ ಬಲವಾದ ಮಾತೆಂದರೆ, ಮೈಗೆ ಹತ್ತಿದ ಕೂಸು ಅಳುವುದು ಕಡಿಮೆ ಎಂಬುದು. ಇದಕ್ಕೆ ಶಾಸ್ತ್ರೀಯ ಆಧಾರವುಂಟು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹುಂಜಿಕರ್ ಮತ್ತು ಬಾರ್ ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಆರು ವಾರದ ವಯಸ್ಸಿನಲ್ಲಿ ಇತರ ಕೂಸುಗಳಿಗಿಂತ ಶೇಕಡಾ 43ರಷ್ಟು ಕಡಿಮೆ ಅತ್ತವು. ಜಪಾನಿನ ಕುಮಿ ಕುರೋಡಾ ಮತ್ತು ಸಂಗಡಿಗರು 2013ರಲ್ಲಿ, ತಾಯಿ ಎತ್ತಿಕೊಂಡು ನಡೆಯತೊಡಗಿದ ಕೂಡಲೆ ಕೂಸಿನ ಎದೆಬಡಿತ ನಿಧಾನವಾಗುವುದನ್ನು ತೋರಿಸಿದರು. ಮುಖದ ದಿಕ್ಕಿನ ವಿಷಯದಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಝಾನ್ ಝೀಡಿಕ್ ಅವರ 2008ರ ಅಧ್ಯಯನ ಗಮನಾರ್ಹ. ಕೂಸು ತಾಯಿಯ ಕಡೆ ಮುಖಮಾಡಿರುವ ಗಾಡಿಯಲ್ಲಿ ತಾಯಂದಿರು ಅದರೊಡನೆ ಸುಮಾರು ಎರಡು ಪಟ್ಟು ಹೆಚ್ಚು ಮಾತನಾಡಿದರು. ಬಗಲಿನ ಕೂಸಿನ ಕಿವಿ ತಾಯಿಯ ಬಾಯಿಯ ಹತ್ತಿರವೇ ಇರುವುದನ್ನು ನೆನೆದರೆ, ರಿಚರ್ಡ್‌ಸನ್ನನು 1889ರಲ್ಲಿ ಯಂತ್ರದಿಂದ ಸಾಧಿಸಿದುದು ನಮ್ಮಲ್ಲಿ ಯಂತ್ರವಿಲ್ಲದೆಯೇ ಇತ್ತೆನ್ನಬಹುದು.

6. 'ಒಲ್ಲೆ' ಎಂಬುದರ ಎರಡು ಬಗೆ

ಇಷ್ಟು ವಿವರಗಳಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಒಂದೇ 'ಒಲ್ಲೆ' ಎಂಬ ಮಾತಿನ ಒಳಗೆ ಎರಡು ಬೇರೆ ತೀರ್ಪುಗಳಿವೆ. ಕೂಸು ಮೈಗೆ ಹತ್ತಿರವಿರಬೇಕು, ಮುಖ ಕಾಣಬೇಕು, ಮಾತು ಕೇಳಬೇಕು ಎಂಬ ಕಾರಣದಿಂದ ಹುಟ್ಟಿದ ಒಲ್ಲೆ ಅನುಭವದ ತಿಳಿವು. ಅಂಚುಗಲ್ಲು, ಗಟಾರ, ಮೂರನೆಯ ಮಹಡಿ ಇವುಗಳಿಂದ ಹುಟ್ಟಿದ ಒಲ್ಲೆ ಕೊರತೆಯೊಂದಕ್ಕೆ ಮಾಡಿಕೊಂಡ ಹೊಂದಾಣಿಕೆ.

ಎರಡನೆಯ ಬಗೆಯನ್ನು ಸಮಾಜಶಾಸ್ತ್ರಜ್ಞರು ವಿಶೇಷವಾಗಿ ಚರ್ಚಿಸಿದ್ದಾರೆ. ಎಟುಕದ ದ್ರಾಕ್ಷಿಯನ್ನು ಹುಳಿಯೆಂದ ನರಿಯ ಕಥೆಯನ್ನೇ ಆಧಾರವಾಗಿಟ್ಟುಕೊಂಡು ನಾರ್ವೆಯ ಜಾನ್ ಎಲ್ಸ್ಟರ್ ಅವರು 1983ರಲ್ಲಿ ಒಂದು ಗ್ರಂಥವನ್ನೇ ಬರೆದರು. ದೊರೆಯದುದನ್ನು ಮನಸ್ಸು ಕ್ರಮೇಣ ಬೇಡವೆನ್ನತೊಡಗುತ್ತದೆ. ಅಮರ್ತ್ಯ ಸೇನ್ ಅವರು ಈ ವಿಚಾರವನ್ನು ಬಡವರ ಮತ್ತು ಸ್ತ್ರೀಯರ ಸ್ಥಿತಿಗೆ ಅನ್ವಯಿಸಿ, ಬಹುಕಾಲ ಕೊರತೆಯಲ್ಲಿ ಬಾಳಿದವರು ತಮ್ಮ ಬಯಕೆಗಳನ್ನೇ ಕುಗ್ಗಿಸಿಕೊಳ್ಳುವುದರಿಂದ, ಅವರ ತೃಪ್ತಿಯನ್ನೇ ಅವರ ಹಿತದ ಅಳತೆಯೆಂದು ಎಣಿಸಬಾರದೆಂದು ವಾದಿಸಿದರು. ಬಗಲಿನ ಭಾರ ಭಾರವೇ ಅಲ್ಲವೆನ್ನುವ ತಾಯಿಯ ಮಾತನ್ನು ಕೇಳುವಾಗ ಈ ಎಚ್ಚರ ಬೇಕು. ಅದೇ ಹೊತ್ತಿಗೆ ಅವಳ ಎಲ್ಲ ಮಾತುಗಳನ್ನೂ ಹುಳಿದ್ರಾಕ್ಷಿಯೆಂದು ತಳ್ಳಿಹಾಕುವುದೂ ತಪ್ಪು. ಮೇಲೆ ಕಂಡಂತೆ, ಅವಳ ತಿಳಿವಿನಲ್ಲಿ ಕೆಲವನ್ನು ಪ್ರಯೋಗಶಾಲೆ ಆಮೇಲೆ ಸಮರ್ಥಿಸಿದೆ.

ಹಾಗಾದರೆ ಇವೆರಡನ್ನು ಬೇರ್ಪಡಿಸುವುದು ಹೇಗೆ? ಸುಲಭವಾದ ಪರೀಕ್ಷೆಯೊಂದುಂಟು. ವ್ಯಕ್ತಿಯನ್ನು ಬದಲಿಸದೆ ಸ್ಥಳವನ್ನು ಬದಲಿಸಿ ನೋಡಬೇಕು. ಓಣಿಯಲ್ಲಿ ಗಾಡಿಯನ್ನು ಒಲ್ಲದ ತಾಯಿ ವಿಶ್ವವಿದ್ಯಾಲಯದ ಆವರಣದಲ್ಲಿ ಅದನ್ನೇ ಬಳಸಿದರೆ, ಅವಳ ಒಲ್ಲೆ ಗಾಡಿಯ ಮೇಲಿನದಲ್ಲ, ಓಣಿಯ ಮೇಲಿನದು. ಈ ಪರೀಕ್ಷೆ ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಧಾರವಾಡದಲ್ಲಿ ತನ್ನ ಮಕ್ಕಳನ್ನು ಬಗಲಲ್ಲೇ ಬೆಳೆಸಿದ ಅಜ್ಜಿ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋದಾಗ ಅಲ್ಲಿ ನಿತ್ಯವೂ ಮೊಮ್ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ತಿರುಗಾಡುತ್ತಾಳೆ. ಊರಿಗೆ ಮರಳಿದ ಮೇಲೆ ಆ ಗಾಡಿಯನ್ನು ಅಟ್ಟಕ್ಕೇರಿಸುತ್ತಾಳೆ. ಅವಳ ಸಂಪ್ರದಾಯ ಆರು ತಿಂಗಳಲ್ಲಿ ಎರಡು ಸಲ ಬದಲಾಯಿತೆನ್ನಲಾದೀತೆ? ಬದಲಾದುದು ಕಾಲುದಾರಿ. ಆದರೆ ಅದೇ ಅಜ್ಜಿ ಅಲ್ಲಿಯೂ ಅಳುವ ಕೂಸನ್ನು ಗಾಡಿಯಿಂದೆತ್ತಿ ಬಗಲಿಗೆ ಹಾಕಿಕೊಂಡು ಮಾತನಾಡಿಸುತ್ತ ನಡೆಯುತ್ತಾಳೆ. ಅದು ಯಾವ ದೇಶಕ್ಕೆ ಹೋದರೂ ಬದಲಾಗದ ತಿಳಿವು. ಸ್ಥಳದೊಡನೆ ಬದಲಾಗುವುದು ಹೊಂದಾಣಿಕೆ, ಬದಲಾಗದೆ ಉಳಿಯುವುದು ತಿಳಿವು ಎಂದು ಸ್ಥೂಲವಾಗಿ ಹೇಳಬಹುದು.

7. ಉಪಸಂಹಾರ

ಈ ವಿವೇಚನೆಯ ಪ್ರಯೋಜನ ಗಾಡಿಯ ವಿಷಯಕ್ಕಷ್ಟೇ ಸೀಮಿತವಲ್ಲ. ತಂದೆತಾಯಿಗಳು ಗಾಡಿಯನ್ನು ಬಯಸುವುದಿಲ್ಲವೆಂಬ ಅಂಕಿಸಂಖ್ಯೆಯೊಂದು ಸಿದ್ಧವಾದರೆ, ಕಾಲುದಾರಿಯನ್ನು ಸಮಮಾಡುವ ಅಗತ್ಯವೇ ಇಲ್ಲವೆಂದು ಅದನ್ನು ಮುಂದೊಡ್ಡಬಹುದು. ಕೇಳುವವರಿಲ್ಲವೆಂದು ದಾರಿ ಇಲ್ಲ, ದಾರಿ ಇಲ್ಲವೆಂದು ಕೇಳುವವರಿಲ್ಲ. ಸಂಶೋಧಕನು ತಪ್ಪು ಪ್ರಶ್ನೆ ಕೇಳಿದರೆ ಈ ಸುಳಿಗೆ ತಾನೂ ಒಂದು ಸುತ್ತು ಸೇರಿಸಿದಂತಾಗುತ್ತದೆ. ಕೂಸಿನ ಗಾಡಿ ಎಡವುವ ಅಂಚುಗಲ್ಲಿಗೇ ಅಂಗವಿಕಲರ ಗಾಲಿಕುರ್ಚಿಯೂ ಎಡವುತ್ತದೆ; ಅದೇ ಚಪ್ಪಡಿಗೆ ಮುದುಕರ ಊರುಗೋಲೂ ಸಿಲುಕುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಸಾರ್ವಜನಿಕ ಸ್ಥಳಗಳು ಎಲ್ಲರ ಪ್ರವೇಶಕ್ಕೆ ಅನುಕೂಲವಾಗಿರಬೇಕೆಂದು ವಿಧಿಸಿದೆ. ಆ ಒಂದು ಇಳಿಜಾರು ಮೂವರಿಗೂ ಸಲ್ಲುತ್ತದೆ.

ಆದುದರಿಂದ ಈ ವಿಷಯದಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟು. 'ನಿಮಗೆ ಗಾಡಿ ಇಷ್ಟವೇ?' ಎಂಬ ಪ್ರಶ್ನೆಯಿಂದ ಆರಂಭಿಸಬೇಡಿರಿ. 'ನಿನ್ನೆ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗಿದ್ದಿರಿ? ಎಷ್ಟು ಮೆಟ್ಟಿಲು ಇಳಿದಿರಿ? ಕೈಯಲ್ಲಿ ಇನ್ನೇನಿತ್ತು? ಹೊತ್ತವರು ಯಾರು?' ಎಂದು ಕೇಳಿರಿ. ಸಾಧ್ಯವಾದರೆ ಒಂದು ಗಾಡಿಯಲ್ಲಿ ಹತ್ತು ಕಿಲೋಗ್ರಾಂ ಜೋಳದ ಚೀಲವನ್ನಿಟ್ಟುಕೊಂಡು ಅದೇ ದಾರಿಯನ್ನು ನೀವೇ ಒಮ್ಮೆ ತಳ್ಳಿಕೊಂಡು ನಡೆದು, ಎಷ್ಟು ಕಡೆ ಎತ್ತಬೇಕಾಯಿತೆಂಬುದನ್ನು ಬರೆದುಕೊಳ್ಳಿರಿ. ಆ ಟಿಪ್ಪಣಿಯನ್ನು ತಾಯಿಯ ಉತ್ತರದ ಪಕ್ಕದಲ್ಲಿಟ್ಟು ಓದಿದಾಗ, ಅವಳು ಬೇಡವೆಂದುದು ಯಾವುದನ್ನು ಎಂಬುದು ತಾನಾಗಿ ತಿಳಿದುಬರುತ್ತದೆ.